ಇಳಿಜಾರು ಒಂದೇ ಗೊತ್ತಿದ್ದರೆ ಬಿಂದು ಹೇಗೆ ಸಿಗುತ್ತದೆ?

ಪ್ರಶ್ನೆ: ಸರ್, ನಾನು ಕುಮಟಾ ಕಡೆಯವಳು. ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ‘ಎ = ದ³ − 3ದ + 1 ಎಂಬ ವಕ್ರರೇಖೆಯ ಮೇಲೆ ಸ್ಪರ್ಶಕದ ಇಳಿಜಾರು 9 ಆಗಿರುವ ಬಿಂದುಗಳನ್ನು ಕಂಡುಹಿಡಿಯಿರಿ’ ಅಂತ ಒಂದು ಲೆಕ್ಕ ಇದೆ. ನನಗೆ (2, 9) ಮತ್ತು (−2, 9) ಬಂತು. ಪುಸ್ತಕದ ಹಿಂದೆ ಬೇರೆ ಉತ್ತರ ಇದೆ. ಎಲ್ಲಿ ತಪ್ಪಿದೆ ಗೊತ್ತಾಗುತ್ತಿಲ್ಲ. ಇನ್ನೊಂದು ಅನುಮಾನ. ಬಿಂದು ಹೇಳಲು ಎರಡು ಸಂಖ್ಯೆ ಬೇಕು. ಇಳಿಜಾರು ಅನ್ನೋದು ಒಂದೇ ಸಂಖ್ಯೆ. ಒಂದರಿಂದ ಎರಡು ಹೇಗೆ ಸಿಗುತ್ತದೆ?

ಉತ್ತರ: ತಂಗಿ, ನೀನು ಕೊನೆಗೆ ಕೇಳಿದ್ದೇ ನಿಜವಾದ ಪ್ರಶ್ನೆ. ಅದು ಸರಿಯಾಗಿ ಅರ್ಥವಾದರೆ ಮೊದಲಿನ ತಪ್ಪು ಎಲ್ಲಿದೆ ಅಂತ ನಿನಗೇ ಕಾಣುತ್ತದೆ. (ಪುಸ್ತಕದಲ್ಲಿ ಎಕ್ಸ್ ಮತ್ತು ವೈ ಇರುತ್ತದೆ. ಓದಲು ಸುಲಭವಾಗಲಿ ಅಂತ ನಿನ್ನ ಪ್ರಶ್ನೆಯಲ್ಲೂ ನನ್ನ ಉತ್ತರದಲ್ಲೂ ಅವನ್ನು ದ, ಎ ಅಂತ ಬದಲಿಸಿದ್ದೇನೆ. ದ ಅಂದರೆ ಅಡ್ಡ ದೂರ, ಎ ಅಂದರೆ ಎತ್ತರ.)

ನೀನು ಕುಮಟಾದಿಂದ ಶಿರಸಿ ಬಸ್ಸು ಹತ್ತಿದ್ದೀಯ ಅಂದುಕೋ. ಅಮ್ಮ ಫೋನ್ ಮಾಡಿ ಎಲ್ಲಿದ್ದೀಯ ಅಂತ ಕೇಳುತ್ತಾರೆ. ‘ಕತಗಾಲ ದಾಟಿ ಐದು ಕಿಲೋಮೀಟರ್ ಆಯ್ತು’ ಅಂತೀಯ. ಅಷ್ಟು ಸಾಕು, ಅವರಿಗೆ ಜಾಗ ಗೊತ್ತಾಯಿತು. ಅಕ್ಷಾಂಶ ಎಷ್ಟು, ರೇಖಾಂಶ ಎಷ್ಟು ಅಂತ ಅವರು ಕೇಳೋದಿಲ್ಲ. ಯಾಕೆ? ಬಸ್ಸು ರಸ್ತೆ ಬಿಟ್ಟು ಹೋಗೋದಿಲ್ಲ ಅಂತ ಅವರಿಗೆ ಗೊತ್ತು. ರಸ್ತೆ ಯಾವುದು ಅನ್ನೋದೇ ಅರ್ಧ ವಿಳಾಸ, ಉಳಿದ ಅರ್ಧಕ್ಕೆ ಒಂದು ಸಂಖ್ಯೆ ಸಾಕು.

ನಿನ್ನ ಲೆಕ್ಕದಲ್ಲೂ ಹಾಗೇ. ಬಿಂದು ಹಾಳೆಯ ಮೇಲೆ ಎಲ್ಲೋ ಇಲ್ಲ, ವಕ್ರರೇಖೆಯ ಮೇಲೇ ಇದೆ ಅಂತ ಪ್ರಶ್ನೆಯಲ್ಲೇ ಹೇಳಿದ್ದಾರೆ. ಅದು ಒಂದು ಸಮೀಕರಣ. ಅಲ್ಲಿನ ಇಳಿಜಾರು 9, ಅದು ಇನ್ನೊಂದು. ಗೊತ್ತಿಲ್ಲದ್ದು ಎರಡು, ಸಮೀಕರಣವೂ ಎರಡು. ಒಂದರಿಂದ ಎರಡು ಹುಟ್ಟಿದ್ದಲ್ಲ. ಎರಡನೆಯ ಮಾಹಿತಿ ಮೊದಲ ಸಾಲಿನಲ್ಲೇ ಇತ್ತು, ನಾವು ಅದನ್ನು ಮಾಹಿತಿ ಅಂತ ಎಣಿಸಿರಲಿಲ್ಲ ಅಷ್ಟೇ.

ಈಗ ನಿನ್ನ ತಪ್ಪಿಗೆ ಬರೋಣ. ಡಿರಿವೇಟಿವ್ (ವಕ್ರರೇಖೆಯ ಪ್ರತಿ ಬಿಂದುವಿನಲ್ಲಿ ಇಳಿಜಾರು ಎಷ್ಟು ಅಂತ ಹೇಳುವ ಸೂತ್ರ) ತೆಗೆದೆ, 3ದ² − 3 ಬಂತು. ಅದನ್ನು 9ಕ್ಕೆ ಸಮ ಮಾಡಿದೆ. ದ² = 4, ಅಂದರೆ ದ = 2 ಅಥವಾ −2. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಎತ್ತರ ಬೇಕಾಯಿತು, 2 ಅನ್ನು ಮತ್ತೆ 3ದ² − 3ಕ್ಕೇ ಹಾಕಿದೆ. 9 ಬಂತು. ಬರಲೇಬೇಕು ಅಲ್ವಾ? 9 ಆಗಲಿ ಅಂತಲೇ ಆ ದ ಹುಡುಕಿದ್ದು. ನೀನು ಕೊಟ್ಟ ಸಂಖ್ಯೆಯೇ ನಿನ್ನ ಕೈಗೆ ವಾಪಸ್ ಬಂದಿದೆ. ಡಿರಿವೇಟಿವ್‌ಗೆ ಗೊತ್ತಿರೋದು ‘ಇಲ್ಲಿ ಏರು ಎಷ್ಟು’ ಅನ್ನೋದು ಮಾತ್ರ. ‘ಇಲ್ಲಿ ಎತ್ತರ ಎಷ್ಟು’ ಅಂತ ಕೇಳಬೇಕಾದರೆ ಮೂಲ ವಕ್ರರೇಖೆಯ ಹತ್ತಿರವೇ ಹೋಗಬೇಕು. ದ = 2 ಹಾಕಿದರೆ 8 − 6 + 1 = 3. ದ = −2 ಹಾಕಿದರೆ −8 + 6 + 1 = −1. ಬಿಂದುಗಳು (2, 3) ಮತ್ತು (−2, −1). (2, 9) ಆ ವಕ್ರರೇಖೆಯ ಮೇಲೆ ಇಲ್ಲವೇ ಇಲ್ಲ, ಅದು ರಸ್ತೆ ಬಿಟ್ಟು ಗಾಳಿಯಲ್ಲಿ ನಿಂತ ಬಸ್ಸಿನ ಹಾಗೆ.

ಪಾಠ ಹೇಳಿದಷ್ಟೂ ವರ್ಷ ಉತ್ತರ ಪತ್ರಿಕೆಗಳಲ್ಲಿ ಈ ತಪ್ಪನ್ನು ನೋಡುತ್ತಲೇ ಬಂದಿದ್ದೇನೆ. ಚೆನ್ನಾಗಿ ಓದುವ ಮಕ್ಕಳೂ ಮಾಡುತ್ತಾರೆ, ಹಾಗಾಗಿ ಬೇಜಾರು ಮಾಡಿಕೊಳ್ಳಬೇಡ. ಹಿಡಿಯಲು ಒಂದು ಸುಲಭ ಗುರುತಿದೆ. ಸಿಕ್ಕ ಎಲ್ಲ ಬಿಂದುಗಳ ಎತ್ತರವೂ ಕೊಟ್ಟ ಇಳಿಜಾರಿಗೇ ಸಮವಾಗಿದ್ದರೆ ಪೆನ್ನು ಕೆಳಗಿಟ್ಟು ಒಂದು ಸಲ ಹಿಂದಕ್ಕೆ ನೋಡು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇಳಿಜಾರಿನಿಂದ ಜಾಗ ಹುಡುಕೋದು ಬರೀ ಪರೀಕ್ಷೆಯ ವಿಷಯ ಅಲ್ಲ. ನಮ್ಮ ಜಿಲ್ಲೆಯಲ್ಲಂತೂ ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಅಂತಲೇ ಜನರನ್ನು ಗುರುತಿಸುತ್ತೇವೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾದಿಂದ ಬರುವವರು ಅದರ ಬಹುಪಾಲನ್ನು ದೇವಿಮನೆ ಘಟ್ಟದಲ್ಲೇ ಏರುತ್ತಾರೆ. ಲೆಕ್ಕಕ್ಕೆ ಅನುಕೂಲವಾಗುವ ಒಂದು ಘಟ್ಟ ಕಟ್ಟಿಕೊಳ್ಳೋಣ. ಇದು ದೇವಿಮನೆಯ ನಿಜವಾದ ಅಳತೆ ಅಲ್ಲ, ನಾನು ತರಗತಿಗೆ ಅಂತ ಮಾಡಿಕೊಂಡದ್ದು. ಬುಡದಿಂದ ನೆತ್ತಿಗೆ 10 ಕಿಲೋಮೀಟರ್, ಎತ್ತರ 500 ಮೀಟರ್, ಶುರುವಿನಲ್ಲಿ ಸಪಾಟು, ನಡುವೆ ಕಡಿದು, ಕೊನೆಗೆ ಮತ್ತೆ ಸಪಾಟು. ಸಮೀಕರಣ ಎ = 15ದ² − ದ³. ದ ಕಿಲೋಮೀಟರಿನಲ್ಲಿ, ಎ ಮೀಟರಿನಲ್ಲಿ. ದ = 10 ಹಾಕಿ ನೋಡು, 1500 − 1000, ಸರಿಯಾಗಿ 500 ಬರುತ್ತದೆ.

ಏರು ಎಷ್ಟು? 30ದ − 3ದ², ಅಂದರೆ ಕಿಲೋಮೀಟರಿಗೆ ಇಷ್ಟು ಮೀಟರ್ ಅಂತ.

ಈಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತವರೊಬ್ಬರು ‘ಇಲ್ಲಿ ಏರು ಕಿಲೋಮೀಟರಿಗೆ 48 ಮೀಟರ್ ಇದೆ’ ಅಂದರು ಅಂತ ಇಟ್ಟುಕೋ. ಬಸ್ಸು ಎಲ್ಲಿದೆ? 30ದ − 3ದ² = 48. ಮೂರರಿಂದ ಭಾಗಿಸಿ ಜೋಡಿಸಿದರೆ ದ² − 10ದ + 16 = 0. ದ = 2 ಅಥವಾ 8. ಎರಡನೇ ಕಿಲೋಮೀಟರಿನಲ್ಲಿ ಎತ್ತರ 60 − 8 = 52 ಮೀಟರ್, ಎಂಟನೆಯದರಲ್ಲಿ 960 − 512 = 448 ಮೀಟರ್. ಒಂದು ಜಾಗದಲ್ಲಿ ಇನ್ನೂ ಕೆಳಗಿನ ಸೆಕೆ, ಇನ್ನೊಂದರಲ್ಲಿ ಮೇಲಿನ ತಂಪು. ಏರು ಮಾತ್ರ ಒಂದೇ. ನಿನ್ನ ಲೆಕ್ಕದಲ್ಲಿ ಎರಡು ಬಿಂದು ಬಂದದ್ದೂ ಇದೇ ಕಾರಣಕ್ಕೆ. ಇಳಿಜಾರು ಒಂದೇ ಅಂದರೆ ಜಾಗವೂ ಒಂದೇ ಆಗಬೇಕು ಅಂತೇನಿಲ್ಲ. ಉತ್ತರ ಎರಡು ಬಂದರೆ ಎರಡನ್ನೂ ಬರೆಯಬೇಕು, ಒಂದನ್ನು ಸುಮ್ನೆ ಬಿಟ್ಟುಬಿಡಬಾರದು.

ಏರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗೋಣ. 63 ಅಂದರೆ ದ = 3 ಮತ್ತು 7. 72 ಅಂದರೆ 4 ಮತ್ತು 6. ಎರಡು ಜಾಗಗಳು ಒಂದಕ್ಕೊಂದು ಹತ್ತಿರ ಬರುತ್ತಿವೆ ನೋಡು. 75 ಅಂದಾಗ ಎರಡೂ ಕೂಡಿ ಒಂದೇ ಆಗುತ್ತದೆ: ದ = 5, ಎತ್ತರ 250, ಘಟ್ಟದ ಸರಿ ನಡು. 90 ಅಂದರೆ? ದ² − 10ದ + 30 = 0. ಇದರ ಶೋಧಕ 100 − 120, ಋಣ ಸಂಖ್ಯೆ. ವರ್ಗ ಸಮೀಕರಣದ ಪಾಠದಲ್ಲಿ ‘ವಾಸ್ತವ ಮೂಲಗಳಿಲ್ಲ’ ಅಂತ ಬರೆದು ಅಂಕ ತಗೊಂಡಿರುತ್ತೀಯ. ಅದರ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ. ಅಷ್ಟು ಕಡಿದಾದ ಜಾಗ ಈ ಘಟ್ಟದಲ್ಲಿ ಎಲ್ಲೂ ಇಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದು. ಎರಡು ಮೂಲ, ಒಂದು ಮೂಲ, ಮೂಲವೇ ಇಲ್ಲ ಅನ್ನುವ ಮೂರು ಒಣ ಮಾತುಗಳು ಒಂದೇ ರಸ್ತೆಯ ಮೇಲೆ ಸಾಲಾಗಿ ಸಿಗುತ್ತವೆ.

ಸಮೀಕರಣವೇ ಇಲ್ಲದಿದ್ದರೆ ಏನು ಮಾಡೋದು ಅಂತ ನೀನು ಕೇಳಬಹುದು. ನಿಜವಾದ ರಸ್ತೆಗೆ ಯಾರೂ ಸಮೀಕರಣ ಬರೆದು ಕೊಟ್ಟಿರುವುದಿಲ್ಲ. ಆಗ ಪ್ರತಿ ಕಿಲೋಮೀಟರ್ ಕಲ್ಲಿನ ಹತ್ತಿರ ಎತ್ತರ ಬರೆದುಕೊಳ್ಳಬೇಕು. ನಮ್ಮ ಘಟ್ಟದಲ್ಲಿ ಬುಡದಿಂದ ಹೀಗೆ ಬರುತ್ತದೆ: 0, 14, 52, 108, 176, 250, 324, 392, 448, 486, 500. ಪಕ್ಕಪಕ್ಕದವನ್ನು ಕಳೆದರೆ 14, 38, 56, 68, 74, 74, 68, 56, 38, 14. ವ್ಯತ್ಯಾಸ ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ಕಡಿದು. ಎರಡನೇ ಕಲ್ಲಿನ ಹಿಂದಿನ ಏರು 38, ಮುಂದಿನದು 56, ಸರಾಸರಿ 47. ಲೆಕ್ಕ ಮಾಡಿ ಬಂದದ್ದು 48. ಮೂರನೇ ಕಲ್ಲಿನಲ್ಲಿ ಸರಾಸರಿ 62, ನಿಜವಾದದ್ದು 63. ಐದರಲ್ಲಿ 74, ನಿಜವಾದದ್ದು 75. ಪ್ರತಿ ಸಲವೂ ಒಂದೇ ಒಂದು ಕಡಿಮೆ. ಅರ್ಧ ಕಿಲೋಮೀಟರಿಗೊಮ್ಮೆ ಅಳೆದರೆ ಈ ಕೊರತೆ ಕಾಲು ಮೀಟರಿಗೆ ಇಳಿಯುತ್ತದೆ. ಅಳತೆಯ ಅಂತರವನ್ನು ಸಣ್ಣದು ಮಾಡುತ್ತಾ ಹೋದ ಹಾಗೆ ಸಿಗೋದೇ ಡಿರಿವೇಟಿವ್. ಪಾಠದಲ್ಲಿ ‘ಲಿಮಿಟ್’ ಅಂತ ಹೇಳಿದ್ದು ಇದನ್ನೇ. (ಕಲ್ಲು ತೋರಿಸೋದು ರಸ್ತೆಯ ಉದ್ದ, ನಮ್ಮ ದ ಅಡ್ಡ ದೂರ, ಎರಡೂ ಒಂದೇ ಅಲ್ಲವಲ್ಲ ಅಂತ ಯಾರಾದರೂ ಕೇಳಿದರೆ ಒಳ್ಳೆಯ ಪ್ರಶ್ನೆಯೇ. ಆದರೆ ಅತಿ ಕಡಿದಾದ ಕಡೆಯೂ 1000 ಮೀಟರ್ ಅಡ್ಡ ದೂರಕ್ಕೆ ರಸ್ತೆ ಮೂರು ಮೀಟರಿನಷ್ಟೂ ಜಾಸ್ತಿ ಆಗೋದಿಲ್ಲ.)

ಕಾರವಾರ, ಕುಮಟಾ, ಹೊನ್ನಾವರದ ಮೇಲೆ ಹೋಗುವ ಕೊಂಕಣ ರೈಲು ಹಳಿಯನ್ನೂ ಇಲ್ಲಿಗೆ ತರುತ್ತೇನೆ. ಆ ಹಳಿಗೆ ಇಟ್ಟುಕೊಂಡ ಏರಿನ ಮಿತಿ 150ಕ್ಕೆ 1, ಅಂದರೆ ಕಿಲೋಮೀಟರಿಗೆ ಸುಮಾರು 6.7 ಮೀಟರ್. ನಮ್ಮ ಘಟ್ಟದ ರಸ್ತೆಯಲ್ಲಿ ಅಷ್ಟು ಏರು ಎಲ್ಲಿ ಬರುತ್ತದೆ? ಅದೇ ಸಮೀಕರಣಕ್ಕೆ 6.67 ಹಾಕಿದರೆ ದ ಸುಮಾರು 0.23. ಬುಡದಿಂದ ಬರೀ 230 ಮೀಟರ್ ಮುಂದೆ! ಅಲ್ಲಿ ಎತ್ತರ ಒಂದು ಮೀಟರೂ ಆಗಿರುವುದಿಲ್ಲ. ಅದರಿಂದಾಚೆಗೆ ನೆತ್ತಿಯ ಹತ್ತಿರದವರೆಗೂ ರಸ್ತೆಯ ಏರು ರೈಲಿನ ಮಿತಿ ಮೀರಿಯೇ ಇರುತ್ತದೆ. ರೈಲು ಗುಡ್ಡ ಹತ್ತುವ ಬದಲು ಸುರಂಗ ತೋಡಿಕೊಂಡು ಹೋಗೋದು ಯಾಕೆ ಅಂತ ಈ ಒಂದು ಸಂಖ್ಯೆ ಹೇಳುತ್ತದೆ.

ಈಗ ಕೈಯಿಂದ ಮಾಡುವ ಒಂದು ಕೆಲಸ. ನಿನ್ನ ವಕ್ರರೇಖೆಯನ್ನು ಗ್ರಾಫ್ ಹಾಳೆಯ ಮೇಲೆ ದ −3ರಿಂದ 3ರವರೆಗೆ ಬರೆ. ಹಾಳೆಯ ಮೂಲೆಯಲ್ಲಿ ಇಳಿಜಾರು 9 ಇರುವ ಒಂದು ಗೆರೆ ಎಳೆ. ಒಂದು ಮಾನ ಬಲಕ್ಕೆ, ಒಂಬತ್ತು ಮಾನ ಮೇಲಕ್ಕೆ. ಎರಡು ಅಕ್ಷಕ್ಕೆ ಬೇರೆ ಬೇರೆ ಪ್ರಮಾಣ ಹಾಕಿದ್ದರೆ ಆ ಪ್ರಮಾಣದಲ್ಲೇ ಎಣಿಸಬೇಕು, ಸೆಂಟಿಮೀಟರಿನಲ್ಲಿ ಅಲ್ಲ. ಕಂಪಾಸ್ ಬಾಕ್ಸಿನ ಮೂಲೆಮಟ್ಟದ ಒಂದು ಅಂಚನ್ನು ಆ ಗೆರೆಗೆ ಕೂಡಿಸು, ಇನ್ನೊಂದು ಅಂಚಿಗೆ ಸ್ಕೇಲು ಒತ್ತಿ ಹಿಡಿ. ಸ್ಕೇಲು ಅಲುಗಬಾರದು. ಮೂಲೆಮಟ್ಟವನ್ನು ಸ್ಕೇಲಿನ ಗುಂಟ ಮೆಲ್ಲಗೆ ಜಾರಿಸು. ಅಂಚು ಎಲ್ಲಿಗೆ ಹೋದರೂ ಅದರ ಇಳಿಜಾರು 9 ಆಗಿಯೇ ಇರುತ್ತದೆ. ಜಾರುತ್ತಾ ಜಾರುತ್ತಾ ಅಂಚು ವಕ್ರರೇಖೆಯನ್ನು ಅಕ್ಕಪಕ್ಕದ ಎರಡು ಕಡೆ ಕತ್ತರಿಸುತ್ತದೆ. ಇನ್ನೂ ಜಾರಿಸು. ಆ ಎರಡು ಒಂದಕ್ಕೊಂದು ಸರಿಯುತ್ತಾ ಒಂದು ಕ್ಷಣ ಒಂದೇ ಆಗುತ್ತವೆ, ಅಲ್ಲಿ ಅಂಚು ವಕ್ರರೇಖೆಯನ್ನು ಸವರಿಕೊಂಡು ನಿಂತಿರುತ್ತದೆ. ಅಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡು. ಅದು (2, 3). ಇನ್ನೊಂದು ಬದಿಗೆ ಜಾರಿಸಿದರೆ (−2, −1) ಸಿಗುತ್ತದೆ. ಲೆಕ್ಕದಲ್ಲಿ ಅರ್ಧ ನಿಮಿಷಕ್ಕೆ ಬರುವ ಉತ್ತರಕ್ಕೆ ಇಷ್ಟು ಕಷ್ಟ ಯಾಕೆ ಅಂತ ಅನ್ನಿಸಬಹುದು. ಒಂದೇ ಒಂದು ಸಲ ಮಾಡು ಸಾಕು, ಸ್ಪರ್ಶಕ ಅಂದರೆ ಏನು ಅನ್ನೋದು ಮತ್ತೆ ಮರೆಯೋದಿಲ್ಲ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಗಬೇಕು. ಹತ್ತನೇ ತರಗತಿಯಲ್ಲಿ ವೃತ್ತದ ಸ್ಪರ್ಶಕ ಓದಿ, ಸ್ಪರ್ಶಕ ಒಂದೇ ಕಡೆ ಮುಟ್ಟಬೇಕು, ಬೇರೆಲ್ಲೂ ಕತ್ತರಿಸಬಾರದು ಅಂತ ನಾವು ಅಂದುಕೊಂಡಿರುತ್ತೇವೆ. ವೃತ್ತಕ್ಕೆ ಅದು ಸರಿ. ಆದರೆ (2, 3)ರಲ್ಲಿ ನಿನ್ನ ಸ್ಪರ್ಶಕ ಎ = 9ದ − 15. ಇದನ್ನು ಕೆಳಕ್ಕೆ ಬೆಳೆಸಿದರೆ ಅದೇ ವಕ್ರರೇಖೆಯನ್ನು (−4, −51)ರಲ್ಲಿ ಮತ್ತೆ ಕತ್ತರಿಸುತ್ತದೆ. ನಿನ್ನ ಹಾಳೆಯಲ್ಲಿ ಅದು ಕಾಣದೇ ಇರಬಹುದು, ಸಂಖ್ಯೆ ಹಾಕಿ ನೋಡು. ಸ್ಪರ್ಶಕ ಅನ್ನೋದು ಆ ಬಿಂದುವಿನ ಹತ್ತಿರದ ಮಾತು ಮಾತ್ರ.

ಇಳಿಜಾರು ಮತ್ತು ಎತ್ತರ ಹೇಗೆ ಒಂದಕ್ಕೊಂದು ನೆರವಾಗುತ್ತವೆ ಅಂತ ನೋಡಲು ಅಳಿವೆಗೆ, ಅಂದರೆ ನದಿ ಸಮುದ್ರ ಸೇರುವ ಜಾಗಕ್ಕೆ, ಹೋಗಬೇಕು. ತದಡಿಯ ದಕ್ಕೆಯಲ್ಲಿ ಒಂದು ಕಂಬದ ಮೇಲೆ ನೀರಿನ ಗುರುತು ನೋಡಿದೆ ಅಂದುಕೋ. ನೀರು ನಡುಮಟ್ಟದಲ್ಲಿದೆ. ಈಗ ಎಷ್ಟು ಹೊತ್ತು? ಬರೀ ಮಟ್ಟದಿಂದ ಹೇಳಲು ಆಗೋದಿಲ್ಲ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಷ್ಟರಲ್ಲಿ ನೀರು ಆ ಗುರುತನ್ನು ಎರಡು ಸಲ ದಾಟುತ್ತದೆ, ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ. ಐದು ನಿಮಿಷ ನಿಂತು ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಅದು ಇಳಿಜಾರಿನ ಚಿಹ್ನೆ, ಧನವೋ ಋಣವೋ. ಅಲ್ಲಿಗೆ ಎರಡರಲ್ಲಿ ಒಂದು ಹೋಯಿತು, ಜಾಗ ಖಚಿತವಾಯಿತು. ತಿರುಗಿಸಿಯೂ ಯೋಚಿಸು. ನೀರು ನಿಂತ ಹಾಗಿದೆ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಅಂದರೆ ಇಳಿಜಾರು ಸೊನ್ನೆ. ಆಗಲೂ ಎರಡು ಸಾಧ್ಯತೆ ಇದೆ, ತುಂಬಿದ ಉಬ್ಬರ ಅಥವಾ ಪೂರ್ತಿ ಇಳಿತ. ಈಗ ಎತ್ತರ ನೋಡಿ ಹೇಳಬೇಕು. ಎರಡೂ ಕೈಯಲ್ಲಿದ್ದರೆ ಗೊಂದಲ ಇಲ್ಲ.

ಅಘನಾಶಿನಿ ನದಿಯಲ್ಲಿ ಬಳಚು (ಚಿಪ್ಪಿಮೀನು) ತೆಗೆಯುವವರು, ಅಳಿವೆ ದಾಟಿ ದೋಣಿ ಒಳಗೆ ತರುವವರು ಇದನ್ನು ದಿನಾ ಮಾಡುತ್ತಾರೆ. ನಾವಿಕರಲ್ಲಿ ಒಂದು ಹಳೆಯ ಅಂದಾಜು ಲೆಕ್ಕವೂ ಇದೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿ ಆರು ಗಂಟೆಗೆ ಹಂಚುವುದು: ಮೊದಲ ಗಂಟೆಗೆ 1 ಪಾಲು, ಆಮೇಲೆ 2, 3, 3, 2, 1. ನಮ್ಮ ಘಟ್ಟದ ವ್ಯತ್ಯಾಸಗಳ ಜೊತೆ ಇಟ್ಟು ನೋಡು, ಅದೇ ಆಕಾರ. ತುದಿಗಳಲ್ಲಿ ನಿಧಾನ, ನಡುವೆ ಜೋರು. ತುದಿಯಲ್ಲಿ ಇಳಿಜಾರು ಸೊನ್ನೆ ಆಗುತ್ತದೆ ಅನ್ನುವ ತಿಳಿವು ನಮ್ಮಲ್ಲಿ ಹಳೆಯದು. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಗ್ರಹಗಳ ತಾತ್ಕಾಲಿಕ ಗತಿ, ಅಂದರೆ ಆ ಗಳಿಗೆಯ ವೇಗ, ಲೆಕ್ಕ ಹಾಕುವಾಗ ಇಂಥದೇ ಮಾತು ಹೇಳಿದ್ದಾರೆ.

ಪರೀಕ್ಷೆಗೆ ಬೇಕಾದ ಒಂದೆರಡು ಸಂಗತಿ ಉಳಿದಿವೆ. ಕೆಲವು ಲೆಕ್ಕದಲ್ಲಿ ಎ ಒಂದು ಕಡೆ ಬೇರೆಯಾಗಿ ಇರುವುದಿಲ್ಲ. ಉದಾಹರಣೆಗೆ ವೃತ್ತ, ದ² + ಎ² = 25. ಇಲ್ಲಿ ಇಳಿಜಾರು −ದ/ಎ ಅಂತ ಬರುತ್ತದೆ. ಇಳಿಜಾರು −3/4 ಇರುವ ಬಿಂದು ಬೇಕು ಅಂದರೆ ದ/ಎ = 3/4, ಅಷ್ಟೇ. ದ ಎಷ್ಟು ಅಂತ ಇದೊಂದರಿಂದ ಗೊತ್ತಾಗೋದಿಲ್ಲ. ಬಹಳ ಮಕ್ಕಳು ಇಲ್ಲಿ ನಿಂತುಬಿಡುತ್ತಾರೆ. ಎರಡನೇ ಸಮೀಕರಣ ವೃತ್ತದ್ದೇ ಇದೆಯಲ್ಲ, ಅದಕ್ಕೆ ಹಾಕಿದರೆ (3, 4) ಮತ್ತು (−3, −4) ಸಿಗುತ್ತದೆ. ನಿನ್ನ ‘ಒಂದರಿಂದ ಎರಡು ಹೇಗೆ’ ಅನ್ನುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ. ಇನ್ನು ಸ್ಪರ್ಶಕ ಯಾವುದೋ ಗೆರೆಗೆ ಸಮಾಂತರ ಅಂದರೆ ಅದೇ ಇಳಿಜಾರು ತಗೋ. ಲಂಬ ಅಂದರೆ ಎರಡರ ಗುಣಲಬ್ಧ −1 ಆಗುವ ಹಾಗೆ ತಗೋ.

ಕೊಟ್ಟದ್ದು ಇಳಿಜಾರಲ್ಲ, ವಕ್ರರೇಖೆಯ ಹೊರಗಿನ ಒಂದು ಬಿಂದು ಅಂತಾದರೆ ಲೆಕ್ಕ ಬೇರೆ. ಕಾರವಾರದ ಕಡಲ ದಂಡೆಯಲ್ಲಿ ನಿಂತು ದೂರದ ಗುಡ್ಡದ ಅಂಚನ್ನು ಸವರಿಕೊಂಡು ಹೋಗುವ ದೃಷ್ಟಿಯ ಹಾಗೆ. ಎ = ದ² ಇದೆ, ಹೊರಗಿನ ಬಿಂದು (3, 5). ಮುಟ್ಟುವ ಬಿಂದುವಿನ ದೂರವನ್ನು ಕ ಅನ್ನು. ಅದರ ಎತ್ತರ ಕ², ಇಳಿಜಾರು 2ಕ. ಆ ಬಿಂದುವನ್ನೂ (3, 5) ಅನ್ನೂ ಸೇರಿಸುವ ಗೆರೆಯ ಇಳಿಜಾರೂ 2ಕ ಆಗಬೇಕು. ಅಂದರೆ ಕ² − 5 = 2ಕ(ಕ − 3). ಬಿಡಿಸಿದರೆ ಕ² − 6ಕ + 5 = 0, ಕ = 1 ಅಥವಾ 5, ಬಿಂದುಗಳು (1, 1) ಮತ್ತು (5, 25). ಇಲ್ಲಿ (3, 5) ಅನ್ನು ಡಿರಿವೇಟಿವ್‌ಗೆ ಹಾಕಿ 6 ಅಂತ ಇಳಿಜಾರು ತೆಗೆಯುವವರಿದ್ದಾರೆ. ಆ ಬಿಂದು ರಸ್ತೆಯ ಮೇಲೇ ಇಲ್ಲ, ಅದಕ್ಕೆ ರಸ್ತೆಯ ಏರು ಹೇಗೆ ಬರುತ್ತದೆ?

ನಿನ್ನ ಲೆಕ್ಕಕ್ಕೇ ವಾಪಸ್ ಹೋಗು. ಅದೇ ದ³ − 3ದ + 1. ಇಳಿಜಾರು −3 ಎಲ್ಲಿದೆ ಅಂತ ಹುಡುಕು, ಒಂದೇ ಬಿಂದು ಸಿಗುತ್ತದೆ, (0, 1). −4 ಕೊಟ್ಟು ನೋಡು, ಎಲ್ಲೂ ಸಿಗೋದಿಲ್ಲ. ಘಟ್ಟದ ಐದನೇ ಕಿಲೋಮೀಟರಿನಲ್ಲಿ ಆದದ್ದೇ ಇಲ್ಲೂ ಆಗಿದೆ. ಆಮೇಲೆ ಮೂಲೆಮಟ್ಟ ತಗೊಂಡು −3ರ ಗೆರೆಯನ್ನು (0, 1)ಕ್ಕೆ ಜಾರಿಸಿ ತಂದು ನಿಲ್ಲಿಸು. ವಕ್ರರೇಖೆ ಬಿಂದುವಿನ ಎಡಕ್ಕೆ ಅಂಚಿನ ಯಾವ ಬದಿಯಲ್ಲಿದೆ, ಬಲಕ್ಕೆ ಯಾವ ಬದಿಯಲ್ಲಿದೆ ಅಂತ ನೋಡಿ ನನಗೆ ಬರಿ.